ನಾಲ್ಕು ಬೆರಳು ಹೆಚ್ಚಿದ ಪೆಟ್ಟಿಗೆ

ಫೆಬ್ರವರಿ 4

ಅಕ್ಕನಿಗೆ,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಹದಿನೈದು ತಿಂಗಳು ಕೇಳದವನು ಈಗ ಕೇಳಿದರೆ ನಾಟಕವಾಗುತ್ತದೆ. ಫೋನಿನಲ್ಲಿ ನಿನ್ನ ನಂಬರಿಗೆ ಬೀಗ ಹಾಕಿದ್ದೇನೆ, ಅದು ಹಾಗೇ ಇರಲಿ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿನ್ನೆ ಅಪ್ಪನ ಸೈಕಲ್ ಅಂಗಡಿಯ ವಿಳಾಸಕ್ಕೆ ನಿನ್ನ ಹೆಸರಿನ ಲಕೋಟೆಯೊಂದು ಬಂತು. ವಿಮಾನ ಕಂಪನಿಯದು. ಒಡೆದೆ, ಓದಿದೆ. ಬೇರೆಯವರ ಕಾಗದ ಒಡೆಯಬಾರದು ಅಂತ ನೀನು ಶುರು ಮಾಡುತ್ತೀಯ, ಗೊತ್ತು. ಮಾಡು. ಒಳಗೆ ಹೀಗಿತ್ತು: ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಸೈಕಲ್ ಸಾಗಣೆಗೆ ತಾವು ತೆತ್ತ ಶುಲ್ಕದಲ್ಲಿ ಅರ್ಧವನ್ನು ಕೂಪನ್ನಿನ ರೂಪದಲ್ಲಿ ಹಿಂದಿರುಗಿಸಿದ್ದೇವೆ. ಒಂದು ವರ್ಷದೊಳಗೆ, ಸೈಕಲ್ಲಿನೊಂದಿಗೆ ಪ್ರಯಾಣಿಸುವಾಗ ಮಾತ್ರ ಬಳಸತಕ್ಕದ್ದು.’ ಕೆಳಗೆ ಪ್ರಯಾಣದ ದಿನಾಂಕ, ಆಚೆ ವರ್ಷದ ನವೆಂಬರ್ 11. ಬೆಳಗಿನ ಆರೂ ನಲವತ್ತರ ವಿಮಾನ.

ನವೆಂಬರ್ 11. ಆ ತಾರೀಖು ನನಗೆ ನೆನಪಿಸಬೇಕಾಗಿಲ್ಲ. ಅಪ್ಪ ಹೋದದ್ದು ಅವತ್ತು ಸಂಜೆ ನಾಲ್ಕೂವರೆಗೆ. ಆ ವಿಮಾನ ಇಲ್ಲಿ ಇಳಿಯುವುದು ಮಧ್ಯಾಹ್ನ ಒಂದಕ್ಕೆ. ನೀನು ಬಂದಿದ್ದರೆ ಮೂರು ಗಂಟೆ ಅವನ ಪಕ್ಕ ಕೂರಬಹುದಿತ್ತು. ನನಗೆ ಏನು ಹೇಳಿದ್ದೆ? ‘ಟಿಕೆಟ್ ಸಿಗಲಿಲ್ಲ ಕಣೋ.’ ಆ ಮಾತನ್ನು ನಾನು ಬಂದುಹೋದವರಿಗೆಲ್ಲ ಹೇಳಿದೆ. ಅಮ್ಮನಿಗೆ ಹೇಳಿದೆ. ‘ಪಾಪ, ಟಿಕೆಟ್ ಸಿಗಲಿಲ್ವಂತೆ’ ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ.

ಟಿಕೆಟ್ ಸಿಕ್ಕಿತ್ತು. ವಿಮಾನ ನಿಲ್ದಾಣಕ್ಕೂ ಹೋಗಿದ್ದೆ. ಸೈಕಲ್ ಕಟ್ಟಿಕೊಂಡು ಹೋಗಿದ್ದೆ! ಸಾಯುತ್ತಿರುವ ಅಪ್ಪನನ್ನು ನೋಡಲು ಯಾರಾದರೂ ಸೈಕಲ್ ತರುತ್ತಾರೇನೆ? ಅದಕ್ಕೆ ಫೀಸು ಕೇಳಿದರು, ನೀನು ಜಗಳಕ್ಕೆ ನಿಂತೆ, ವಿಮಾನ ಹೋಯಿತು. ಇಷ್ಟೇ ತಾನೇ ನಡೆದದ್ದು? ನಿನ್ನನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

ದೂರು ಬರೆದ ತಾರೀಖನ್ನೂ ಅವರೇ ಹಾಕಿದ್ದಾರೆ. ನವೆಂಬರ್ 20. ಅಪ್ಪ ಹೋಗಿ ಒಂಬತ್ತು ದಿನ. ನಾನಿಲ್ಲಿ ಅವನ ಬಟ್ಟೆ ಮಡಿಸುತ್ತಿದ್ದೆ, ನೀನಲ್ಲಿ ಫೀಸು ವಾಪಸ್ ಕೇಳುತ್ತಿದ್ದೆ.

ಕೂಪನ್ನನ್ನು ಹರಿದು ಒಲೆಗೆ ಹಾಕಿದ್ದೇನೆ.

ತಮ್ಮ

ಫೆಬ್ರವರಿ 15

ಮಹಾ ಮೊಂಡನಿಗೆ,

ಬೇರೆಯವರ ಕಾಗದ ಒಡೆಯಬಾರದು. ಶುರು ಮಾಡಿದೆ, ನೋಡು.

ಫೀಸಿನ ಕಥೆ ಕೇಳಬೇಕೆ? ಕೇಳು. ಹಿಂದಿನ ರಾತ್ರಿಯೇ ಸೈಕಲ್ ಬಿಚ್ಚಿ, ಚಕ್ರ ಕಳಚಿ, ರಟ್ಟಿನ ಪೆಟ್ಟಿಗೆಗೆ ತುಂಬಿದ್ದೆ. ಕೌಂಟರಿನಲ್ಲಿ ಕೂದಲು ಬಿಗಿದು ಗಂಟು ಹಾಕಿದ ಹುಡುಗಿ. ಟೇಪು ಹಿಡಿದಳು. ‘ನಾಲ್ಕು ಬೆರಳು ಉದ್ದ ಜಾಸ್ತಿ ಆಯ್ತು ಮೇಡಂ. ಅಲ್ಲದೆ ಸೈಕಲ್ ಇದೆ ಅಂತ ಎರಡು ದಿನ ಮುಂಚೆ ತಿಳಿಸ್ಬೇಕಿತ್ತು.’ ಅಪ್ಪನಿಗೆ ಹುಷಾರಿಲ್ಲ, ಅವನು ಎರಡು ದಿನ ಮುಂಚೆ ತಿಳಿಸಲಿಲ್ಲ ಅಂದೆ. ನಗಲಿಲ್ಲ. ಫೀಸು ಟಿಕೆಟ್ಟಿನ ಮುಕ್ಕಾಲು ಪಾಲಂತೆ. ಆಯಿತು, ತಗೋ ಅಂದೆ. ಇಲ್ಲಿ ತಗೊಳ್ಳುವುದಿಲ್ಲ, ಹಜಾರದ ಆ ಕೊನೆಯಲ್ಲಿ ಇನ್ನೊಂದು ಕಿಟಕಿ ಇದೆ, ಅಲ್ಲಿ ಕಟ್ಟಿ ಬನ್ನಿ ಅಂದಳು. ಆ ಕಿಟಕಿಯಲ್ಲಿ ಒಬ್ಬನೇ, ಅವನ ಮುಂದೆ ಹನ್ನೊಂದು ಜನ. ಕಟ್ಟಿ ಚೀಟಿ ಹಿಡಿದು ಬರುವ ಹೊತ್ತಿಗೆ ಕೌಂಟರು ಮುಚ್ಚಿತ್ತು.

ಹಾಗಾಗಿ ನಾನು ಫೀಸು ಕೊಡದೆ ಜಗಳ ಆಡಲಿಲ್ಲ. ಕೊಟ್ಟೆ. ಕೊಟ್ಟು ಕೆಟ್ಟೆ.

ದೂರು ಯಾಕೆ ಬರೆದೆ ಅಂತೀಯಾ? ಯಾರ ಮೇಲಾದರೂ ಕೂಗಬೇಕಿತ್ತು. ನಿನ್ನ ಮೇಲೆ ಕೂಗಿದರೆ ನೀನು ತಿರುಗಿ ಕೂಗುತ್ತೀಯ. ಅವರು ಪಾಪ, ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಅಂತ ಬರೆಯುತ್ತಾರೆ.

ನೀನು ನವೆಂಬರ್ ಹತ್ತನೇ ತಾರೀಖು ಫೋನ್ ಮಾಡಿ ‘ಸೀರಿಯಸ್ಸು, ಹೊರಡು’ ಅಂದೆ. ಅದಕ್ಕೆ ಎರಡೇ ದಿನ ಮುಂಚೆ ಅಪ್ಪನೇ ನನ್ನ ಹತ್ತಿರ ಮಾತಾಡಿದ್ದ. ಗಂಟಲು ಗಟ್ಟಿಯಾಗಿತ್ತು. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು, ಎಲ್ಲಾ ಬಣ್ಣ ಹೊಸದಾಗಿ ಕಾಣುತ್ತೆ ಅಂದಿದ್ದ. ನೀನು ಯಾವಾಗಲೂ ಒಂದಕ್ಕೆ ಹತ್ತು ಸೇರಿಸುವವನು. ಅಪ್ಪನಿಗೆ ಸೀನು ಬಂದರೂ ನಿನಗೆ ಅದು ಸೀರಿಯಸ್ಸು. ಹೊರಟೆನೇ ಹೊರತು ನಿನ್ನ ಮಾತನ್ನು ಪೂರ್ತಿ ನಂಬಲಿಲ್ಲ. ಆ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮರುದಿನದ ವಿಮಾನಕ್ಕೆ ಕಾಯಬೇಕಿತ್ತು ನೀನು. ಬೆಳಿಗ್ಗೆ ಎಂಟಕ್ಕೇ ಅಪ್ಪನ ಸಂಸ್ಕಾರ ಮುಗಿಸಿದೆ. ಎಂಟಕ್ಕೆ! ಒಂದು ಗಂಟೆಗೆ ನಾನು ಬಂದು ಏನು ನೋಡಬೇಕಿತ್ತು, ನಿನ್ನ ಮುಖವನ್ನೇ?

ಸೈಕಲ್ ಯಾಕೆ ತರುತ್ತಿದ್ದೆ ಅನ್ನುವುದು ನನಗೂ ಅಪ್ಪನಿಗೂ ಸೇರಿದ್ದು. ಅದರಲ್ಲಿ ನೀನು ಮೂಗು ತೂರಿಸಬೇಡ.

ಅಕ್ಕ

ಫೆಬ್ರವರಿ 27

ಅಕ್ಕ,

ನಿನಗೂ ಅಪ್ಪನಿಗೂ ಸೇರಿದ್ದು! ಅಪ್ಪನ ಉಚ್ಚೆ ಬಟ್ಟಲು ಮಾತ್ರ ನನಗೂ ಅಪ್ಪನಿಗೂ ಸೇರಿದ್ದು, ಅಲ್ಲವಾ?

ಆ ಸೈಕಲ್ಲು ನಿನ್ನೊಬ್ಬಳದೇ ಅಂತ ತಿಳಿದಿದ್ದೀಯ. ಏಳು ವರ್ಷದ ಹಿಂದೆ ನೀನು ಆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಕೆಲಸಕ್ಕೆ ಹೊರಟಾಗ ಅಪ್ಪ ಕೊಳವೆ ಕೊಯ್ದು ಕಟ್ಟಿದ್ದು ಅದು. ಆ ವರ್ಷವೇ ಅವನು ಮೊದಲ ಸಲ ನನ್ನ ಕೈಗೆ ಬೆಸುಗೆಯ ಬೆಂಕಿ ಕೊಟ್ಟದ್ದು. ಅಲ್ಲಿಯವರೆಗೆ ಉಜ್ಜುವುದು, ತೊಳೆಯುವುದು, ಬಣ್ಣ ಹೊಡೆಯುವುದು. ನಿನ್ನ ಸೈಕಲ್ಲಿನಲ್ಲಿ ನನ್ನ ಬೆಸುಗೆಯೂ ಇದೆ. ಅದನ್ನು ಯಾವತ್ತಾದರೂ ಯಾರಿಗಾದರೂ ಹೇಳಿದ್ದೀಯಾ? ‘ನಮ್ಮಪ್ಪ ಕಟ್ಟಿದ್ದು’ ಅಂತ ಮೆರೆಯುತ್ತೀಯ.

ಇಲ್ಲಿ ಅದನ್ನು ಮಾರಲು ತರುತ್ತಿದ್ದೆಯೇನೋ ಅಂತ ನನಗೆ ಅನಿಸಿತು. ಅಪ್ಪ ಸತ್ತರೆ ಅವನ ಕೈಕೆಲಸಕ್ಕೆ ಬೆಲೆ ಏರುತ್ತದೆ ಅಂತ ಯಾರೋ ಹೇಳಿರಬೇಕು. ಇಲ್ಲವಾದರೆ ಇಲ್ಲ ಅನ್ನು.

ಅವತ್ತು ಮಧ್ಯಾಹ್ನದ ಮಾತು ಹೇಳುತ್ತೇನೆ, ಇಷ್ಟು ದಿನ ಹೇಳಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಕಣ್ಣು ಬಿಟ್ಟ. ‘ಬಂದ್ಳಾ?’ ಅಂದ. ಬರ್ತಾಳೆ ಅಂದೆ. ‘ತಂದ್ಳಾ?’ ಅಂದ. ಏನನ್ನು ಅಂತ ನನಗೆ ಗೊತ್ತಾಗಲಿಲ್ಲ. ಔಷಧಿ ಇರಬೇಕು ಅಂತ ‘ತರ್ತಾಳೆ ಮಲ್ಕೋ’ ಅಂದೆ. ಮೂರು ಸಲ ಕೇಳಿದ. ಮೂರನೇ ಸಲ ನನಗೆ ಸಿಟ್ಟು ಬಂತು. ಏನನ್ನಪ್ಪಾ ಅಂತ ಗದರಿದೆ. ಆಮೇಲೆ ಕೇಳಲಿಲ್ಲ. ಅವನ ಹತ್ತಿರ ನಾನು ಆಡಿದ ಕೊನೆಯ ಮಾತು ಅದು, ಗದರಿದ ಮಾತು. ಇದಕ್ಕೆ ಕಾರಣ ನೀನು.

ಈಗ ಗೊತ್ತಾಯಿತು ಏನನ್ನು ಕೇಳುತ್ತಿದ್ದ ಅಂತ. ಮಗಳನ್ನು ಕೇಳಿದ, ಸೈಕಲ್ಲನ್ನೂ ಕೇಳಿದ. ಪಕ್ಕದಲ್ಲಿದ್ದ ಮಗನನ್ನು ಕೇಳಲಿಲ್ಲ.

ತಮ್ಮ

ಮಾರ್ಚ್ 10

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಲ್ಯಾಬಿನಲ್ಲಿ ಒಬ್ಬರ ಮೇಲಿನ ಸೆಟ್ಟಿಗೆ ಇನ್ನೊಬ್ಬರ ಕೆಳಗಿನ ಹಲ್ಲು ಕೂರಿಸಿ ಬೈಸಿಕೊಂಡೆ.

‘ತಂದ್ಳಾ’ ಅಂತ ಮೂರು ಸಲ ಕೇಳಿದನಾ? ನನಗೆ ಅಂದೇ ಒಂದು ಮಾತು ಹೇಳಬಾರದಿತ್ತಾ ನೀನು? ಹದಿನೈದು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡು, ಈಗ ಚೂರಿಯ ಹಾಗೆ ತೆಗೆದೆ.

ಸರಿ. ನಿನಗೆ ಹೇಳಬಾರದು ಅಂತ ಅಪ್ಪ ಹೇಳಿದ್ದನ್ನು ನಾನೂ ತೆಗೆಯುತ್ತೇನೆ. ನೀನೇ ಕೇಳಿ ಪಡೆದದ್ದು, ಆಮೇಲೆ ನನ್ನನ್ನು ಅನ್ನಬೇಡ.

ನವೆಂಬರ್ ಎಂಟರಂದು ಫೋನ್ ಮಾಡಿದ್ದ ಅಂದೆನಲ್ಲ, ಯೋಗಕ್ಷೇಮಕ್ಕಲ್ಲ. ‘ಆ ಸೈಕಲ್ ಹತ್ಬೇಡ. ಅದ್ರಲ್ಲಿ ಒಂದು ಬೆಸುಗೆ ಹಿತ್ತಾಳೆ ಕುಡಿದಿಲ್ಲ, ಒಳಗೆ ಟೊಳ್ಳು ಅನ್ನಿಸ್ತಿದೆ. ಇಳಿಜಾರಲ್ಲಿ ಬಿಟ್ಟುಕೊಂಡ್ರೆ ಮುಖ ಉಳಿಯಲ್ಲ. ಬರುವಾಗ ತಗೊಂಡ್ಬಾ, ಅದಿಲ್ದೆ ಬರಬೇಡ, ನಾನೇ ಸರಿ ಮಾಡ್ತೀನಿ’ ಅಂದ. ಯಾವ ಬೆಸುಗೆ ಅಂತ ಕೇಳಿದೆ. ಹೇಳಲಿಲ್ಲ. ‘ಅವನಿಗೆ ಮಾತ್ರ ಹೇಳ್ಬೇಡ’ ಅಂದ. ಎರಡು ಸಲ ಅಂದ.

ಯಾವುದು ಅಂತ ಊಹಿಸಲು ನಾನೇನು ಮಂತ್ರ ಹಾಕಬೇಕಿಲ್ಲ. ನಲವತ್ತು ವರ್ಷ ಬೆಸೆದವನ ಬೆಸುಗೆ ಹುಸಿಯಾಗುತ್ತದೋ, ಆ ವರ್ಷ ಮೊದಲ ಸಲ ಬೆಂಕಿ ಹಿಡಿದವನದೋ? ನೀನು ಕಲಿಯುವಾಗ ಅಪ್ಪ ಕೊಯ್ದು ನೋಡಿ, ಹುಸಿ ಅಂತ ಗೋಡೆಯ ಮೊಳೆಗೆ ನೇತುಹಾಕಿದ ಏಳು ಬೆಸುಗೆ ಈಗಲೂ ಅಲ್ಲೇ ಇವೆ ತಾನೇ? ಎಂಟನೆಯದರ ಮೇಲೆ ನನ್ನನ್ನು ಕೂರಿಸಿ ಕಳಿಸಿದ್ದೀರಿ.

ನಿನ್ನ ಮುಖ ಬಾಡಬಾರದು ಅಂತ ಅಪ್ಪ ಮುಚ್ಚಿಟ್ಟ. ನಾನೂ ಮುಚ್ಚಿಟ್ಟೆ. ನೀನು ನನಗೆ ಕೊಟ್ಟ ಬಹುಮಾನ ನೋಡು, ಮಾರಲು ತರುತ್ತಿದ್ದಳಂತೆ. ಅವತ್ತಿನಿಂದ ನಾನು ಅದನ್ನು ಹತ್ತಿಲ್ಲ. ಮಂಚದ ಪಕ್ಕ ಗೋಡೆಗೆ ಒರಗಿಸಿದ್ದೇನೆ. ದಿನಾ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತೇನೆ. ಆ ಪೆಟ್ಟಿಗೆಯೂ ಇನ್ನೂ ಇದೆ, ನಾಲ್ಕು ಬೆರಳು ಹೆಚ್ಚಿನದು.

ಅಕ್ಕ

ಏಪ್ರಿಲ್ 19

ಸೈಕಲ್ ಕಳಿಸು.

ಎಡಗಡೆಯ ಪೆಡಲ್ಲು ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ, ಬಲ ಹಾಕಿ ತಿರುಪಿನ ಹಲ್ಲು ಕೆಡಿಸಬೇಡ. ಟೈರಿನ ಗಾಳಿ ತೆಗೆ. ಹ್ಯಾಂಡಲ್ಲನ್ನು ಬಿಚ್ಚಿ ಕೊಳವೆಗೆ ಸಮನಾಗಿ ಕಟ್ಟು. ಚೈನಿಗೆ ಬಟ್ಟೆ ಸುತ್ತು. ಪೆಟ್ಟಿಗೆಯ ಒಂದು ತುದಿಯನ್ನು ನಾಲ್ಕು ಬೆರಳು ಒಳಕ್ಕೆ ಮಡಿಸಿ ಟೇಪು ಹಾಕಿದರೆ ಅಳತೆಗೆ ಬರುತ್ತದೆ. ಅವತ್ತೂ ಬರುತ್ತಿತ್ತು.

ತಮ್ಮ

ಮೇ 1

ಕಳಿಸುವುದಿಲ್ಲ.

ನೀನು ಅದನ್ನು ಏನು ಮಾಡುತ್ತೀಯ ಅಂತ ನನಗೆ ಗೊತ್ತು. ನಿಮ್ಮಿಬ್ಬರದೂ ಒಂದೇ ಚಾಳಿ. ಬೆಸುಗೆ ಒಳಗೆ ಹೇಗಿದೆ ಅಂತ ನೋಡಬೇಕಾದರೆ ಗರಗಸ ಹಾಕಿ ಸೀಳುವುದು. ನನ್ನ ಹತ್ತಿರ ಅಪ್ಪನದು ಅಂತ ಇರುವುದು ಅದೊಂದೇ. ಅಂಗಡಿ ನಿನಗೆ, ಪಾನಾ ಸುತ್ತಿಗೆ ನಿನಗೆ, ಅಮ್ಮ ನಿನಗೆ. ಇದನ್ನೂ ಕೊಯ್ದು ಮೊಳೆಗೆ ಹಾಕಿ ಸಮಾಧಾನ ಮಾಡಿಕೊಳ್ಳಬೇಕಾ?

ಒಂದೂವರೆ ತಿಂಗಳು ಸುಮ್ಮನಿದ್ದು ಆಮೇಲೆ ಆಜ್ಞೆ ಕಳಿಸುತ್ತೀಯ, ಯಾವ ಊರ ದೊರೆಯಪ್ಪಾ ನೀನು?

ಅಕ್ಕ

ಮೇ 9

ಅಕ್ಕ,

ಒಂದೂವರೆ ತಿಂಗಳು ಸುಮ್ಮನಿರಲಿಲ್ಲ. ಅಂಗಡಿಯ ಬಾಗಿಲು ಹಾಕಿ ಹಳೆಯ ರಶೀದಿ ಪುಸ್ತಕ ಹುಡುಕುತ್ತಿದ್ದೆ.

ಆ ವರ್ಷ ನಾವು ಕಟ್ಟಿದ್ದು ಹತ್ತು ಸೈಕಲ್. ನಿನ್ನದು ಒಂದು. ಉಳಿದ ಒಂಬತ್ತೂ ಇಲ್ಲೇ ಓಡಾಡುತ್ತಿವೆ, ಒಂಬತ್ತರಲ್ಲೂ ನನ್ನ ಕೈ ಇದೆ. ಒಂದನ್ನು ಟಪಾಲಿನವನು ಓಡಿಸುತ್ತಾನೆ, ದಿನಾ ಮೂವತ್ತು ಕಿಲೋಮೀಟರು, ಮುಂದೆ ಭಾರದ ಚೀಲ. ನಿನ್ನ ಈ ಕಾಗದ ತಂದುಕೊಟ್ಟವನೂ ಅವನೇ. ಇನ್ನೊಂದರಲ್ಲಿ ಬ್ರೆಡ್ಡಿನ ಅಂಗಡಿಯಾಕೆ ಹಿಂದೊಂದು ಮುಂದೊಂದು ಮಗು ಕೂರಿಸಿಕೊಂಡು ಸೇತುವೆ ಇಳಿಯುತ್ತಾಳೆ. ನಿನ್ನ ಮಾರ್ಚಿನ ಕಾಗದ ಓದಿದ ಮರುದಿನ ಬೆಳಿಗ್ಗೆ ನಾನು ಸೇತುವೆಯ ಬುಡದಲ್ಲಿ ನಿಂತು ಅವಳು ಇಳಿಯುವುದನ್ನು ನೋಡಿದೆ. ಅವಳು ಗಂಟೆ ಬಾರಿಸಿ ನಕ್ಕಳು. ನಾನು ನೇರ ಅಂಗಡಿಗೆ ಬಂದು ರಶೀದಿ ಪುಸ್ತಕ ಹುಡುಕಲು ಕೂತೆ.

ನಿನಗೆ ನನ್ನ ಮೇಲೆ ಎಷ್ಟು ಬೇಕಾದರೂ ದ್ವೇಷವಿರಲಿ. ಇವರು ಏನು ಮಾಡಿದ್ದಾರೆ? ನನ್ನ ಬೆಸುಗೆ ಹುಸಿಯೋ ಅಲ್ಲವೋ ನನಗೆ ತಿಳಿಯಬೇಕು. ಅವರ ಸೈಕಲ್ಲು ಕೊಯ್ಯುವ ಹಾಗಿಲ್ಲ. ನಿನ್ನದನ್ನು ಕೊಯ್ಯಬಹುದು. ಹೌದು, ಕೊಯ್ಯುತ್ತೇನೆ. ಸುಳ್ಳು ಹೇಳಿ ತರಿಸಿಕೊಳ್ಳುವುದಿಲ್ಲ.

ಹುಸಿಯಾಗಿದ್ದರೆ ಅಂಗಡಿ ಮುಚ್ಚುತ್ತೇನೆ. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ.

ತಮ್ಮ

ಜೂನ್ 18

ಕಳಿಸಿದ್ದೇನೆ. ತಲುಪಿದ ಮೇಲೆ ಬರೆ.

ಅದೇ ಕೌಂಟರು, ಅದೇ ಗಂಟು ಕೂದಲಿನ ಹುಡುಗಿ. ನನ್ನನ್ನು ಗುರುತು ಹಿಡಿದಳು, ಪೆಟ್ಟಿಗೆಯನ್ನೂ ಹಿಡಿದಳು. ನೀನು ಹೇಳಿದ ಹಾಗೆ ತುದಿ ಮಡಿಸಿದ್ದೆ. ಟೇಪು ಹಿಡಿದು, ‘ಈ ಸಲ ಸರಿಯಾಗಿದೆ ಮೇಡಂ, ಪ್ರಯಾಣಿಕರು ಎಲ್ಲಿ?’ ಅಂದಳು. ಪ್ರಯಾಣಿಕರಿಲ್ಲ, ಸೈಕಲ್ ಒಂದೇ ಹೋಗಬೇಕು ಅಂದೆ. ಹಾಗೆ ಹೋಗುವಂತಿಲ್ಲವಂತೆ. ಮನುಷ್ಯರ ಜೊತೆ ಹೋದರೆ ಅದು ಲಗೇಜು, ಒಂಟಿಯಾಗಿ ಹೋದರೆ ಸರಕು. ಸರಕಿನ ಕಟ್ಟಡ ಹೆದ್ದಾರಿಯ ಆಚೆ. ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಿಸಿಲಲ್ಲಿ ಒಂದು ಮೈಲಿ ನಡೆದೆ. ಅಲ್ಲಿ ಕೇಳಿದ್ದು ಅವತ್ತಿನ ಫೀಸಿನ ಎರಡರಷ್ಟು. ನೀನು ಒಲೆಗೆ ಹಾಕಿದ ಕೂಪನ್ನು ಇದ್ದಿದ್ದರೂ ನಡೆಯುತ್ತಿರಲಿಲ್ಲ, ಆದರೂ ಅದಕ್ಕಾಗಿ ನಿನ್ನನ್ನು ಇನ್ನೊಮ್ಮೆ ಬೈದುಕೊಂಡೆ.

ಪೆಟ್ಟಿಗೆಯ ಮೇಲೆ ‘ಒಳಗಿನ ವಸ್ತುವಿನ ವಿವರ’ ಅಂತ ಬರೆಯಬೇಕಿತ್ತು. ‘ಹಳೆಯ ಸೈಕಲ್, ಒಂದು’ ಅಂತ ಬರೆದೆ. ‘ಬೆಲೆ’ ಅನ್ನುವಲ್ಲಿ ಏನೂ ಬರೆಯದೆ ಕೊಟ್ಟೆ. ಗುಮಾಸ್ತ ತಾನೇ ಸೊನ್ನೆ ಹಾಕಿಕೊಂಡ.

ಗೋಡೆಯ ಪಕ್ಕ ಖಾಲಿಯಾಗಿದೆ. ಕೊಯ್ಯುವ ಮುಂಚೆ ಒಂದು ಸಲ ಗಂಟೆ ಬಾರಿಸು. ಅದನ್ನು ಅಮ್ಮ ಕೇಳಲಿ.

ಅಕ್ಕ

ಜುಲೈ 20

ತಲುಪಿ ಮೂರು ವಾರವಾಗಿದೆ ಅಂತ ಸರಕಿನವರು ಹೇಳುತ್ತಾರೆ. ನೀನು ಒಂದು ಸಾಲು ಬರೆಯಲಿಲ್ಲ.

ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ ಅಂದರೆ ಬೆಸುಗೆ ಹುಸಿ ಅಂತಲೇ ಅರ್ಥ. ಸರಿ, ಹುಸಿಯಾದರೆ ಹುಸಿ. ಕಲಿಯುವಾಗಿನ ಬೆಸುಗೆ ಅದು. ಅಪ್ಪ ನೋಡಿ ಬಿಡಬೇಕಿತ್ತು, ನೋಡಲಿಲ್ಲ. ಅಂಗಡಿಗಿಂಗಡಿ ಮುಚ್ಚಿದರೆ ಜಾಗ್ರತೆ. ಆ ಏಳನ್ನು ಮೊಳೆಗೆ ಹಾಕಿದಾಗ ನೀನು ಹಿತ್ತಲಲ್ಲಿ ಅತ್ತು ಬಂದು ಎಂಟನೆಯದಕ್ಕೆ ಕೂರಲಿಲ್ಲವಾ?

ಇದು ನಿನ್ನನ್ನು ಹೊಗಳುವುದಕ್ಕಲ್ಲ. ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ಬರೆ, ಹಾಳಾದವನೇ.

ಅಕ್ಕ

ಆಗಸ್ಟ್ 6

ಅಕ್ಕ,

ಬದುಕಿದ್ದೇನೆ. ‘ಅವಳ ಕಾಗದ ಓದುವಾಗ ಯಾಕೋ ಹಲ್ಲು ಕಡೀತೀಯ’ ಅಂತ ಅಮ್ಮ ಕೇಳುತ್ತಾಳೆ. ಹಲ್ಲು ಸವೆದರೆ ಅವಳೇ ಸೆಟ್ಟು ಮಾಡಿಕೊಡ್ತಾಳೆ ಅಂದೆ.

ಗಂಟೆ ಬಾರಿಸಿದೆ. ಅಮ್ಮ ಮೇಲಿನ ಕೋಣೆಯಿಂದ ‘ಬಂದ್ಳಾ?’ ಅಂತ ಓಡಿ ಬಂದಳು. ಇನ್ನು ಮೇಲೆ ಇಂಥ ಬುದ್ಧಿವಂತಿಕೆಯನ್ನು ನಿನ್ನ ಹತ್ತಿರವೇ ಇಟ್ಟುಕೋ.

ಮೊದಲು ನನ್ನದನ್ನೇ ಕೊಯ್ದೆ. ಆ ವರ್ಷ ಅಪ್ಪ ನನಗೆ ಬಿಟ್ಟುಕೊಟ್ಟದ್ದು ಹಿಂದಿನ ಚಕ್ರ ಹಿಡಿಯುವ ಎರಡು ಕೊಳವೆಯ ಬೆಸುಗೆ ಮಾತ್ರ. ನಾವದನ್ನು ಹಿಂಗಾಲು ಅನ್ನುತ್ತೇವೆ. ಎಡದ್ದನ್ನು ಉದ್ದಕ್ಕೆ ಸೀಳಿದೆ. ಹಿತ್ತಾಳೆ ಪೂರ್ತಿ ಹರಿದಿದ್ದರೆ ಒಳಗೆ ಹಳದಿ ಗೆರೆ ಎಲ್ಲೂ ತುಂಡಾಗದೆ ಇರಬೇಕು. ಇತ್ತು. ನಂಬಿಕೆ ಬರಲಿಲ್ಲ, ಬಲದ್ದನ್ನೂ ಸೀಳಿದೆ. ಅದೂ ತುಂಬಿತ್ತು, ಒಂದು ಸಾಸಿವೆಯಷ್ಟೂ ಜಾಗವಿರಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ. ನಿನಗೆ ಅಲ್ಲೇ ಕಾಗದ ಬರೆಯಲು ಹೊರಟೆ, ಮುಖಕ್ಕೆ ಹೊಡೆದ ಹಾಗೆ. ಎರಡು ಸಾಲು ಬರೆದೂ ಆಗಿತ್ತು. ಆಮೇಲೆ ಅನ್ನಿಸಿತು, ಅಪ್ಪ ಸುಳ್ಳು ಹೇಳುವವನಲ್ಲ. ಒಂದು ಹುಸಿ ಇದೆ ಅಂದಿದ್ದಾನೆ.

ಕತ್ತನ್ನು ಕೊಯ್ದೆ. ಹ್ಯಾಂಡಲ್ಲಿನ ಕೆಳಗೆ, ಕೊಳವೆಗಳು ಬಂದು ಸೇರುವ ಜಾಗ. ಅದನ್ನು ಅಪ್ಪ ಯಾರಿಗೂ ಬಿಟ್ಟುಕೊಟ್ಟವನಲ್ಲ. ಹೊರಗೆ ನಯವಾಗಿ ಉಜ್ಜಿದ ಬೆಸುಗೆ. ಒಳಗೆ ಕಪ್ಪು. ಅಂಚಿನಲ್ಲಿ ಉಗುರಿನಷ್ಟು ಹಿತ್ತಾಳೆ, ಅದರಾಚೆ ಏನೂ ಇಲ್ಲ. ಕೊಳವೆ ಸಾಕಷ್ಟು ಕಾದಿರಲೇ ಇಲ್ಲ ಅಕ್ಕ.

ನಿನಗೆ ಬರೆಯದೆ ಐದು ವಾರ ಇದ್ದದ್ದು ಇದಕ್ಕೆ. ಕಾದ ಕಬ್ಬಿಣದ ಬಣ್ಣ ನೋಡಿಯೇ ಹಿತ್ತಾಳೆ ಬಿಡಬೇಕು. ಕಣ್ಣಿಗೆ ಪೊರೆ ಬಂದವನಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ, ಕಾಯದಿದ್ದರೂ ಕಾದ ಹಾಗೆ. ಆ ವರ್ಷ ಅಪ್ಪ ಕೆಲಸದ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದಿದ್ದ. ಮರುವರ್ಷ ಕೈ ನಡುಗುತ್ತದೆ ಅಂತ ಬೆಂಕಿ ಮುಟ್ಟುವುದನ್ನೇ ಬಿಟ್ಟ. ಕೈ ನಡುಗುತ್ತಿರಲಿಲ್ಲ, ನಾನು ನೋಡಿದ್ದೇನಲ್ಲ, ಸೂಜಿಯಂಥ ಸ್ಪೋಕು ಪೋಣಿಸುತ್ತಿದ್ದ. ಆರು ವರ್ಷ ಕಾಡಿದ ಮೇಲೆ ಪೊರೆ ತೆಗೆಸಿಕೊಂಡ. ಕಟ್ಟು ಬಿಚ್ಚಿದ ದಿನ ಮಗುವಿನ ಹಾಗೆ ಅಂಗಡಿಯಲ್ಲಿ ಓಡಾಡಿದ. ಆಮೇಲೆ ನಾನು ಬೆಸೆಯುವಾಗ ಹಿಂದೆ ಬಂದು ನಿಂತ, ಬೆಂಕಿಯನ್ನೇ ನೋಡುತ್ತಾ. ‘ನೀನು ಇಷ್ಟು ಕಾಯಿಸ್ತೀಯಾ?’ ಅಂದ. ನೀನೇ ಕಲಿಸಿದ್ದು ಅಂದೆ. ತಾನು ಆ ವರ್ಷ ಅಷ್ಟು ಕಾಯಿಸಿರಲಿಲ್ಲ ಅಂತ ಆಗ ಹೊಳೆದಿರಬೇಕು, ಅವತ್ತಿನಿಂದ ಮಂಕಾದ. ಟಪಾಲಿನವನು ಇನ್ನೂ ಅದೇ ಸೈಕಲ್ ಓಡಿಸ್ತಾನಾ, ಬ್ರೆಡ್ಡಿನ ಅಂಗಡಿಯವಳು ಚೆನ್ನಾಗಿದ್ದಾಳಾ ಅಂತ ಕೇಳುತ್ತಿದ್ದ. ಹಳೆಯ ಗಿರಾಕಿಗಳ ನೆನಪು ಅಂದುಕೊಂಡೆ ನಾನು, ಪೆದ್ದ.

‘ಅವನಿಗೆ ಹೇಳ್ಬೇಡ’ ಅಂದದ್ದು ನನ್ನ ಮುಖ ಬಾಡುತ್ತದೆ ಅಂತಲ್ಲ. ತನ್ನದು ಬಾಡುತ್ತದೆ ಅಂತ. ಎಂಟು ಬೆಸುಗೆಯನ್ನು ಸೀಳಿ ಏಳನ್ನು ಮೊಳೆಗೆ ಹಾಕಿದವನು ನನ್ನ ಮುಂದೆ ಹೇಗೆ ಹೇಳಬೇಕು?

ಒಂಬತ್ತೂ ಸೈಕಲ್ಲನ್ನು ವಾಪಸ್ ಕರೆಸಿದೆ. ಟಪಾಲಿನವನ ಸೈಕಲ್ಲಿನ ಕತ್ತಿನಲ್ಲಿ ಬಣ್ಣದ ಅಡಿ ಕೂದಲೆಳೆಯಂಥ ಬಿರುಕು ಎದ್ದಿತ್ತು. ಇನ್ನೊಂದು ತಿಂಗಳು ತಡೆಯುತ್ತಿರಲಿಲ್ಲ. ಎಲ್ಲದಕ್ಕೂ ಹೊಸ ಕತ್ತು ಕೂರಿಸಿ, ಅಪ್ಪನ ಉಳಿದ ಬೆಸುಗೆಗೆ ಮತ್ತೆ ಹಿತ್ತಾಳೆ ಕುಡಿಸಿ ಕೊಟ್ಟೆ. ಯಾಕೆ ಹೀಗಾಯಿತು ಅಂತ ಕೇಳಿದವರಿಗೆ, ನಾನು ಕಲಿಯುವಾಗ ಬೆಸೆದದ್ದು, ನನ್ನ ತಪ್ಪು ಅಂದೆ. ಮೂವರು ಇನ್ನು ಈ ಅಂಗಡಿಗೆ ಬರುವುದಿಲ್ಲ ಅಂದರು. ಟಪಾಲಿನವನು ಬಿರುಕನ್ನು ಬೆರಳಲ್ಲಿ ಸವರಿ, ‘ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿರಲಿಲ್ಲ’ ಅಂದ. ಹೌದು ಅಂದೆ.

ಆ ಕತ್ತನ್ನು ಮೊಳೆಗೆ ಹಾಕಿದ್ದೇನೆ, ಎಂಟನೆಯದಾಗಿ. ಉಳಿದ ಏಳರ ಹಾಗೆ ತಾರೀಖಿನ ಚೀಟಿ ಅಂಟಿಸಿ ನನ್ನ ಹೆಸರು ಬರೆದಿದ್ದೇನೆ. ಇದು ನಿನಗೆ ಮತ್ತು ನನಗೆ ಬಿಟ್ಟು ಯಾರಿಗೂ ತಿಳಿಯಬಾರದು. ಅಮ್ಮನಿಗಂತೂ ಬೇಡ.

ನಿನ್ನ ಸೈಕಲ್ಲಿಗೆ ಹೊಸ ಕತ್ತು, ಹೊಸ ಹಿಂಗಾಲು ಹಾಕಿದೆ. ಸೀಟಿನ ಬುಡದ ಬೆಸುಗೆಯೂ ಅಪ್ಪನದೇ. ಅದನ್ನು ಕೊಯ್ಯಲಿಲ್ಲ, ಮತ್ತೆ ಕಾಯಿಸಿ ಹಿತ್ತಾಳೆ ಕುಡಿಸಿದೆ. ಸೈಕಲ್ಲನ್ನು ಹೇಗೂ ಅಷ್ಟು ಕೊಯ್ದಾಗಿತ್ತು, ಅದಕ್ಕೆ ನಡುವಿನ ಎರಡು ಕೊಳವೆಯನ್ನೂ ತುಂಡು ಮಾಡಿ ತಿರುಪಿನ ಕೊಂಡಿ ಕೂರಿಸಿದ್ದೇನೆ. ತಿರುಗಿಸಿದರೆ ಸೈಕಲ್ ಎರಡು ಹೋಳಾಗಿ ಮಾಮೂಲಿ ಚೀಲಕ್ಕೆ ಹೋಗುತ್ತದೆ. ತೂಗಿದೆ, ಇಪ್ಪತ್ತೊಂದು ಕಿಲೋ, ಮಾಮೂಲಿ ಲಗೇಜಿನ ಮಿತಿಯೊಳಗೇ ಇದೆ. ಇನ್ನು ಯಾವ ಕೌಂಟರಿನವಳೂ ನಿನ್ನ ಹತ್ತಿರ ಸೈಕಲ್ಲಿನ ಫೀಸು ಕೇಳುವಂತಿಲ್ಲ. ಬಂದು ತಗೊಂಡು ಹೋಗು. ನಾನು ಕಳಿಸುವುದಿಲ್ಲ.

ತಮ್ಮ

ಆಗಸ್ಟ್ 17

ತಮ್ಮನಿಗೆ,

ಸೆಪ್ಟೆಂಬರ್ ಐದಕ್ಕೆ ಟಿಕೆಟ್ ಮಾಡಿದ್ದೇನೆ, ಎರಡು ದಿನ ರಜೆ. ಅದೇ ಆರೂ ನಲವತ್ತರ ವಿಮಾನ. ಕ್ಷಮೆ ಕೇಳಲು ಬರುತ್ತಿದ್ದೇನೆ ಅಂದುಕೊಳ್ಳಬೇಡ, ಜಗಳ ಆಡಲು ಬರುತ್ತಿದ್ದೇನೆ. ಆ ಎಂಟನೆಯ ಚೀಟಿಯನ್ನು ನಾನು ಕಿತ್ತು ಹಾಕುತ್ತೇನೆ. ಅಪ್ಪನ ಮಾನ ಉಳಿಸಲು ನಿನ್ನ ಮಾನ ಕಳೆಯಬೇಕಾ? ಟಪಾಲಿನವನು ಅಂಥ ಮಾತು ಆಡಿದಾಗ ಹೌದು ಅಂದೆಯಂತೆ. ಆ ಸಾಲು ಓದಿ ನಾನು ಲ್ಯಾಬಿನ ಹಿಂದೆ ಹೋಗಿ ಅತ್ತೆ. ನಿನ್ನದೇ ಬೆಸುಗೆ ಅಂತ ಮೊದಲು ಅಂದವಳು ನಾನು. ಅಪ್ಪ ಅನ್ನಲಿಲ್ಲ. ನಾನು ಅಂದೆ.

ಇನ್ನೊಂದು ಹೇಳಬೇಕು. ನಿನ್ನ ಮುಖ ನೋಡಿಕೊಂಡು ಹೇಳಲಾರೆ, ಅದಕ್ಕೆ ಬರೆಯುತ್ತಿದ್ದೇನೆ. ಅವತ್ತು ನಾನು ಚೀಟಿ ಹಿಡಿದು ಬರುವಾಗ ಕೌಂಟರು ಮುಚ್ಚಿತ್ತು ಅಂತ ಬರೆದಿದ್ದೆನಲ್ಲ, ಪೆಟ್ಟಿಗೆಗೆ ಮಾತ್ರ ಮುಚ್ಚಿತ್ತು. ಆ ಹುಡುಗಿ ಎದ್ದು ನಿಂತು ಹೇಳಿದಳು, ‘ಮೇಡಂ, ಪೆಟ್ಟಿಗೆ ಇಲ್ಲೇ ಬಿಡಿ, ನಾನು ನೋಡ್ಕೋತೀನಿ. ಇನ್ನೂ ನಾಲ್ಕು ನಿಮಿಷ ಇದೆ, ಓಡಿ.’ ನಾನು ಓಡಲಿಲ್ಲ. ಅದಿಲ್ಲದೆ ಬರಬೇಡ ಅಂದಿದ್ದನಲ್ಲ ಅಪ್ಪ. ನಾಲ್ಕು ನಿಮಿಷವೂ ಪೆಟ್ಟಿಗೆ ತಬ್ಬಿಕೊಂಡು ನಿಂತೆ.

ಅಕ್ಕ

ಆಗಸ್ಟ್ 24

ಅಕ್ಕ,

ಚೀಟಿಗೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ. ಜಗಳ ಆಡಲು ಎರಡು ದಿನ ಸಾಲದು, ರಜೆ ಹೆಚ್ಚು ಹಾಕು. ಟಿಕೆಟ್ ಸಿಕ್ಕಿತು ಅಂತ ಅಮ್ಮನಿಗೆ ಹೇಳಿದ್ದೇನೆ.

ಸೈಕಲ್ಲಿಗೆ ಗಾಳಿ ತುಂಬಿ ಬಾಗಿಲಲ್ಲಿ ನಿಲ್ಲಿಸಿರುತ್ತೇನೆ. ನೀನು ಏನೂ ತರಬೇಡ. ಕೌಂಟರಿನಲ್ಲಿ ಏನು ಅಡ್ಡ ಬಂದರೂ ಅಲ್ಲೇ ಬಿಟ್ಟು ಓಡು.

ತಮ್ಮ